ಒಂಬತ್ತು ಜಾಗದ ಪಟ್ಟಿ, ಎರಡು ಮಕ್ಕಳು: ಹಳೇಬೀಡಿನಿಂದ ಮುಳ್ಳಯ್ಯನಗಿರಿಯವರೆಗೆ

ಹೊರಡುವ ಮುಂಚೆ ನನ್ನ ಪಟ್ಟಿಯಲ್ಲಿ ಹಾಸನ, ಚಿಕ್ಕಮಗಳೂರು ಕಡೆಯ ಒಂಬತ್ತು ಜಾಗಗಳಿದ್ದವು. ಎಲ್ಲಾ ಅಕ್ಕಪಕ್ಕದಲ್ಲೇ ಇವೆ, ಮೂರು ದಿನ ಸಾಕು ಅಂದುಕೊಂಡಿದ್ದೆ. ನೋಡಿದ್ದು ನಾಲ್ಕು. ಮಗಳಿಗೆ ಒಂಬತ್ತು ವರ್ಷ, ಮಗನಿಗೆ ನಾಲ್ಕು. ಶ್ರವಣಬೆಳಗೊಳದ ಬೆಟ್ಟಕ್ಕೆ ಬರಿಗಾಲಲ್ಲಿ 600ಕ್ಕೂ ಜಾಸ್ತಿ ಮೆಟ್ಟಿಲು ಅಂತ ನೆನಪಾದ ಕೂಡಲೇ ಅದನ್ನು ಮನೆಯಲ್ಲೇ ಹೊಡೆದು ಹಾಕಿದೆ. ಉಳಿದವು ದಾರಿಯಲ್ಲಿ ಒಂದೊಂದಾಗಿ ಉದುರಿದವು.

ತುಮಕೂರಿನಿಂದ ತಿಪಟೂರು, ಅರಸೀಕೆರೆ, ಬಾಣಾವರ, ಜಾವಗಲ್ ಮೇಲೆ ಹೋದರೆ ಮೊದಲು ಸಿಗುವುದು ಹಳೇಬೀಡು. ಮಕ್ಕಳಿದ್ದರೆ ಬೇಲೂರಿಗಿಂತ ಮೊದಲು ಅಲ್ಲಿಗೇ ಹೋಗಿ. ಗುಡಿಯ ಸುತ್ತ ಹುಲ್ಲುಹಾಸು, ಓಡಾಡಲು ಬೇಕಾದಷ್ಟು ಜಾಗ. ಹೊಯ್ಸಳೇಶ್ವರ ಗುಡಿಯ ಹೊರಗೋಡೆಯಲ್ಲಿ ಎಲ್ಲಕ್ಕಿಂತ ಕೆಳಗಿರುವುದು ಆನೆಗಳ ಸಾಲು. ನಾವು ದೊಡ್ಡವರು ಬಗ್ಗಿ ನೋಡಬೇಕು. ನನ್ನ ಮಗ ಕುಕ್ಕರುಗಾಲಲ್ಲಿ ಕೂತು, ಆನೆಗೆ ಮುಖ ಕೊಟ್ಟು ಎಣಿಸತೊಡಗಿದ. ಅವನಿಗೆ ಬರುವುದು ಇಪ್ಪತ್ತರವರೆಗೆ. ಮತ್ತೆ ಒಂದರಿಂದ ಶುರು. ಹೀಗೇ ಒಂದು ಗೋಡೆ ಮುಗಿಸಿದ. ಮಗಳಿಗೆ ಮಕರ ಹಿಡಿಸಿತು. 'ಬಾಯಿ ಮೊಸಳೆದು, ಬಾಲ ನವಿಲಿಂದು, ಹೊಟ್ಟೆ ಮಾತ್ರ ಹಂದಿದು ಅಲ್ವಾ ಅಪ್ಪ?' ಅಂತ ಪುಸ್ತಕದಲ್ಲಿ ಬರೆದುಕೊಂಡಳು. ಒಂದು ಪೆನ್ಸಿಲ್, ಒಂದು ಖಾಲಿ ನೋಟ್‌ಬುಕ್ ಮರೆಯಬೇಡಿ, ಮೊಬೈಲ್‌ಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಕಾಲುಚೀಲ ಕೂಡ ಇರಲಿ. ಹನ್ನೊಂದು ಗಂಟೆ ಮೇಲೆ ಕಲ್ಲು ಸುಡುತ್ತದೆ, ಚಪ್ಪಲಿ ಹೊರಗೇ ಬಿಡಬೇಕು.

ಬೇಲೂರು ಅಲ್ಲಿಂದ 16 ಕಿ.ಮೀ. ಸಳ ಹುಲಿಯನ್ನು ಹೊಡೆದ ಕಥೆಯನ್ನು ಕಾರಿನಲ್ಲೇ ಹೇಳಿಬಿಡಿ. ಬಾಗಿಲ ಪಕ್ಕದ ಶಿಲ್ಪ ನೋಡಿದಾಗ 'ಹೊಯ್ ಸಳ' ಅಂತ ಇಬ್ಬರೂ ಕೂಗಿದರು, ನಾಲ್ಕು ಜನ ತಿರುಗಿ ನೋಡಿದರು. 1117ರ ಗುಡಿ ಅಂತೆಲ್ಲ ಹೇಳಿದ್ದು ಸುಮ್ನೆ ನನ್ನ ಸಮಾಧಾನಕ್ಕೆ. ಮುಕ್ಕಾಲು ಗಂಟೆಯಲ್ಲಿ ಹೊರಗೆ ಬಂದೆವು.

ಎಡವಿದ್ದು ಹೋಂಸ್ಟೇ ವಿಷಯದಲ್ಲಿ. ಚಿಕ್ಕಮಗಳೂರಿನ ಆಚೆ ತೋಟದೊಳಗೆ ಒಂದು ಕಡೆ ಬುಕ್ ಮಾಡಿದ್ದೆ. ಫೋನಿನಲ್ಲಿ 'ಮಕ್ಕಳಿಗೆ ತುಂಬಾ ಚೆನ್ನಾಗಿದೆ ಸಾರ್' ಅಂದಿದ್ದರು. ಹೋಗಿ ನೋಡಿದರೆ ಅಂಗಳದ ಪಕ್ಕದಲ್ಲೇ ಹೊಂಡ, ಬೇಲಿ ಇಲ್ಲ. ಒಬ್ಬರು ಕಾಫಿ ಕುಡಿದರೆ ಇನ್ನೊಬ್ಬರು ಕಾವಲು. ರಾತ್ರಿ ಊಟ ಬಂದಿದ್ದು ಒಂಬತ್ತೂವರೆಗೆ, ಅಷ್ಟರಲ್ಲಿ ಮಗ ನನ್ನ ತೊಡೆ ಮೇಲೆ ನಿದ್ದೆ. ಹಾಗಾಗಿ ಫೋನಿನಲ್ಲೇ ಬಿಡಿಸಿ ಕೇಳಿ: ನೀರಿನ ಸುತ್ತ ಬೇಲಿ ಇದೆಯಾ, ಮಕ್ಕಳ ಊಟ ಏಳು ಗಂಟೆಗೆ ಸಿಗುತ್ತಾ, ತೋಟದೊಳಗಿನ ದಾರಿಯಲ್ಲಿ ನಮ್ಮ ಕಾರು ಹೋಗುತ್ತಾ. ಮರುದಿನ ಅಡುಗೆಯ ಅಕ್ಕನನ್ನೇ ಕೇಳಿಕೊಂಡೆ. ಖಾರ ಹಾಕದ ಅಕ್ಕಿ ರೊಟ್ಟಿ, ಬೆಣ್ಣೆ, ಏಳಕ್ಕೇ ಬಂತು.

ಆದರೆ ಆ ತೋಟದಲ್ಲೇ ಮಕ್ಕಳಿಗೆ ಇಡೀ ದಿನ ಕಳೆಯಿತು. ಡಿಸೆಂಬರ್, ಕುಯ್ಲಿನ ಸಮಯ. ಕೆಂಪಗೆ ಹಣ್ಣಾದ ಕಾಫಿ ಹಣ್ಣನ್ನು ಒತ್ತಿದರೆ ಎರಡು ಬೀಜ ಜಾರಿ ಬೀಳುತ್ತವೆ, ಸಿಪ್ಪೆ ಚೀಪಿದರೆ ಸಿಹಿ. ಕಾಫಿ ಅಂದರೆ ಕಹಿ ಅಂದುಕೊಂಡಿದ್ದ ಮಗಳು ನಂಬಲೇ ಇಲ್ಲ. ಆ ದಿನಕ್ಕೆ ಇಟ್ಟಿದ್ದ ಎರಡು ಜಲಪಾತ ಬಿಟ್ಟೆವು, ಬೇಜಾರಾಗಲಿಲ್ಲ. ಮಳೆಗಾಲದಲ್ಲಿ ಹೋಗುವವರು ತೋಟಕ್ಕೆ ಇಳಿಯುವ ಮುಂಚೆ ಉಂಬಳಕ್ಕೆ (ಜಿಗಣೆ) ಒಂದು ಪೊಟ್ಟಣ ಉಪ್ಪು ಇಟ್ಟುಕೊಳ್ಳಿ.

ಮೂರನೇ ದಿನ ಮುಳ್ಳಯ್ಯನಗಿರಿ. ಗಿರಿಗೆ ಹೋಗುವ ವಾಹನಗಳಿಗೆ ಈಗ ಆನ್‌ಲೈನ್ ಮುಂಗಡ ಬುಕಿಂಗ್ ಇದೆ, ಬೆಳಗಿನ ಹೊತ್ತನ್ನೇ ಹಿಡಿಯಿರಿ. ವಾರಾಂತ್ಯ ಬೇಡವೇ ಬೇಡ. ನಾನು ಮಾಡಿದ ತಪ್ಪು ಅಂದರೆ ಹೊರಡುವ ಮುಂಚೆ ಮಗನಿಗೆ ಮಸಾಲೆ ದೋಸೆ ತಿನ್ನಿಸಿದ್ದು. ನಾಲ್ಕನೇ ತಿರುವಿಗೆ ಎಲ್ಲಾ ಹೊರಗೆ, ಅದೂ ಅವನ ಅಕ್ಕನ ಹೊಸ ಸ್ವೆಟರ್ ಮೇಲೆ. ಎರಡು ಇಡ್ಲಿ ಸಾಕಿತ್ತು. ಒಂದು ಜೊತೆ ಬಟ್ಟೆ, ಎರಡು ಪ್ಲಾಸ್ಟಿಕ್ ಕವರ್ ಡಿಕ್ಕಿಯಲ್ಲಲ್ಲ, ಕೈಗೆ ಸಿಗುವ ಹಾಗೆ ಇಡಿ. 1,930 ಮೀಟರ್ ಎತ್ತರದಲ್ಲಿ ಗಾಳಿ ಜೋರು, ಕಿವಿ ಮುಚ್ಚುವ ಟೋಪಿ ಬೇಕು. ಮಗಳು ಮೆಟ್ಟಿಲು ಹತ್ತಿ ತುದಿ ಮುಟ್ಟಿದಳು. ಮಗ ಅರ್ಧದಲ್ಲೇ ಕೂತ, ಅವನ ಜೊತೆ ನಾನೂ ಕೂತೆ.

ವಾಪಸ್ ಬರುವಾಗ ಕಡೂರಿನ ದಾರಿ ಹಿಡಿದೆವು. ತಿರುವುಗಳಿಲ್ಲ. ತಿಪಟೂರಿನ ತೆಂಗಿನ ತೋಟಗಳು ಬರುವವರೆಗೂ ಇಬ್ಬರೂ ಏಳಲಿಲ್ಲ.