ಉರಿಯುವ ಎಂಜಿನ್ನಿಗೆ ನೀರು
ಸೂಪರ್‌ಚಾರ್ಜರ್ ಎಂಬ ಪಂಪು ಎಂಜಿನ್ನಿಗೆ ಒತ್ತಿ ತುಂಬುವ ಗಾಳಿ ವಿಪರೀತ ಕಾಯುತ್ತದೆ. ಆ ಕಾವಿಗೆ ಇಂಧನ-ಗಾಳಿಯ ಮಿಶ್ರಣ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿದರೆ ಪಿಸ್ಟನ್ನಿನ ತಲೆಯೇ ತೂತಾಗಬಹುದು. ಆ ಗಾಳಿಗೆ ನೀರನ್ನು ಮಂಜಿನಷ್ಟು ನುಣ್ಣಗೆ ಸಿಂಪಡಿಸಿದರೆ ಅದು ಆವಿಯಾಗುತ್ತಾ ಕಾವನ್ನು ಹೀರಿಕೊಳ್ಳುತ್ತದೆ. ಒಂದು ಕಿಲೋ ನೀರಿಗೆ ಸುಮಾರು 2,260 ಕಿಲೋಜೂಲ್. ಅಕಾಲ ಸಿಡಿತದ ಭಯ ತಗ್ಗುವುದರಿಂದ ಇನ್ನಷ್ಟು ಗಾಳಿ ತುಂಬಿ ಹೆಚ್ಚು ಶಕ್ತಿ ಪಡೆಯಬಹುದು. ಎರಡನೇ ಮಹಾಯುದ್ಧದ ವಿಮಾನಗಳಲ್ಲೇ ಈ ಉಪಾಯವಿತ್ತು. ಶಕ್ತಿ ಹೆಚ್ಚಿಸಲು ಉರಿಯದ ವಸ್ತುವೇ ನೆರವಾಗುತ್ತದಲ್ಲ ಎಂದು ಪ್ರತಿ ಸಲವೂ ಬೆರಗಾಗುತ್ತೇನೆ.

ನನಗೆ ಪ್ರಾಣವೆಂದರೆ ಟ್ಯೂನಿಂಗ್. ಸ್ಪಾರ್ಕ್ ಟೈಮಿಂಗನ್ನು, ಅಂದರೆ ಕಿಡಿ ಹಾರುವ ಹೊತ್ತನ್ನು, ಒಂದೊಂದೇ ಡಿಗ್ರಿ ಮುಂದಕ್ಕೆ ತರುತ್ತಾ, ಪರದೆಯ ಮೇಲೆ ಅಕಾಲ ಸಿಡಿತವನ್ನು ಪತ್ತೆಹಚ್ಚುವ ನಾಕ್ ಸೆನ್ಸರ್‌ನ ಗೆರೆ ಮಿಸುಕದೆ ನಿಂತಿರುವುದನ್ನು ನೋಡುವ ಸುಖವೇ ಬೇರೆ. ನೀರು ಅತಿಯಾದರೆ ಉರಿ ಮಂಕಾಗಿ ಎಂಜಿನ್ ಮುಗ್ಗರಿಸುತ್ತದೆ. ನೀರಿನ ಟ್ಯಾಂಕ್ ಬರಿದಾದ ಕೂಡಲೇ ಬೂಸ್ಟ್ (ತುಂಬುವ ಗಾಳಿಯ ಒತ್ತಡ) ತಾನಾಗಿ ಇಳಿಯುವ ಏರ್ಪಾಡಿಲ್ಲದೆ ದಯವಿಟ್ಟು ಯಾರೂ ಇದಕ್ಕೆ ಕೈ ಹಾಕಬೇಡಿ. ಬಟ್ಟಿ ಇಳಿಸಿದ ನೀರನ್ನೇ ಬಳಸಿ. ಗಡಸು ನೀರಿನ ಸುಣ್ಣ ನಾಝಲ್ಲಿನ ಕಣ್ಣನ್ನು ಕಟ್ಟಿಸುತ್ತದೆ.