ನಿಂತ ಕಾರಿಗೆ ಮೊದಲೇ ಸೆಲ್ಫ್ ಹೊಡೆಯಬೇಡಿ

ವರ್ಷಗಟ್ಟಲೆ ನಿಂತ ಹಳೇ ಕಾರು ಮನೆಗೆ ಬಂತು ಅಂದರೆ ಸಾಕು, ನೋಡಲು ಬಂದವರೆಲ್ಲ ಹೇಳುವುದು ಒಂದೇ ಮಾತು. "ಹೊಸ ಬ್ಯಾಟರಿ ಹಾಕಿ ಒಂದ್ಸಲ ಸೆಲ್ಫ್ ಹೊಡೆದು ನೋಡಿ." ನನ್ನ ತಮ್ಮ ಬ್ಯಾಟರಿ ಹೊತ್ತುಕೊಂಡೇ ಬಂದಿದ್ದ. ಅದನ್ನು ಗೋಡೆ ಪಕ್ಕ ಇಡಿಸಿದೆ. ಅದು ಅಲ್ಲೇ ಬಹಳ ಕಾಲ ಕೂತಿತ್ತು. ಅವನಿಗೆ ಸ್ವಲ್ಪ ಬೇಜಾರೂ ಆಯಿತು.

ಕಾರು 1963ರ ಮಾರಿಸ್ ಮೈನರ್ 1000, ಬ್ರಿಟನ್ನಿನ ಸಣ್ಣ ಕಾರು. ನಮ್ಮ ದೊಡ್ಡಪ್ಪ ಓಡಿಸುತ್ತಿದ್ದದ್ದು. ಅವರು ಓಡಿಸುವುದು ಬಿಟ್ಟ ಮೇಲೆ ಷೆಡ್ಡಿನಲ್ಲಿ ಟಾರ್ಪಾಲ್ ಹೊದ್ದು ಸುಮ್ನೆ ನಿಂತಿತ್ತು. ಮೈನರ್ ಮೊದಲು ಬಂದದ್ದು 1948ರಲ್ಲಿ, ಅದರ ವಿನ್ಯಾಸಕಾರ ಅಲೆಕ್ ಇಸಿಗೋನಿಸ್ ಕೈಯಿಂದ. 1959ರ ಮಿನಿ ಕಾರು ಕೂಡ ಅವರದ್ದೇ. 1962ರ ಕೊನೆಯ ಹೊತ್ತಿಗೆ ಮೈನರ್‌ಗೆ 1098 ಸಿಸಿ ಇಂಜಿನ್ ಸಿಕ್ಕಿತು. ಎ-ಸೀರೀಸ್ ಅಂತ ಕರೆಯುವ, ನಾಲ್ಕು ಸಿಲಿಂಡರಿನ, ಬೀಡುಕಬ್ಬಿಣದ ಗಟ್ಟಿ ಪಿಂಡ. ಮನೆಯಲ್ಲೇ ಕೂತು ಕೆಲಸ ಕಲಿಯುವವರಿಗೆ ಇದಕ್ಕಿಂತ ಒಳ್ಳೆ ಇಂಜಿನ್ ಕಡಿಮೆ. ಬಾನೆಟ್ ತೆಗೆದರೆ ಎಲ್ಲವೂ ಕಣ್ಣಿಗೆ ಕಾಣುತ್ತದೆ, ಕೈಗೂ ಸಿಗುತ್ತದೆ.

ಸೆಲ್ಫ್ ಯಾಕೆ ಹೊಡೆಯಬಾರದು ಅಂದರೆ, ನಿಂತ ಇಂಜಿನ್‌ ಒಳಗೆ ಏನಾಗಿದೆ ಅಂತ ಹೊರಗಿನಿಂದ ಗೊತ್ತಾಗಲ್ಲ. ಬೇರಿಂಗ್‌ಗಳ ಮೇಲಿನ ಆಯಿಲ್ ಯಾವಾಗಲೋ ಇಳಿದು ಹೋಗಿರುತ್ತದೆ. ಪಿಸ್ಟನ್ ರಿಂಗುಗಳು ಸಿಲಿಂಡರ್ ಗೋಡೆಗೆ ತುಕ್ಕು ಹಿಡಿದು ಅಂಟಿರಬಹುದು. ಹಳೇ ಪೆಟ್ರೋಲಿನ ಅಂಟು ವಾಲ್ವ್ ಕಾಂಡಕ್ಕೆ ಮೆತ್ತಿಕೊಂಡಿದ್ದರೆ ವಾಲ್ವ್ ತನ್ನ ಗೈಡಿನಲ್ಲೇ, ಅಂದರೆ ಅದು ಜಾರುವ ಕೊಳವೆಯಲ್ಲೇ, ಕಚ್ಚಿಕೊಳ್ಳುತ್ತದೆ. ಆಗ ಸ್ಟಾರ್ಟರ್ ಮೋಟಾರು ದಯೆ ದಾಕ್ಷಿಣ್ಯ ಇಲ್ಲದೆ ತಿರುಗಿಸಿದರೆ ವಾಲ್ವನ್ನು ತೆರೆಸುವ ಪುಶ್‌ರಾಡ್ ಕಡ್ಡಿ ಬಾಗುತ್ತದೆ, ರಿಂಗು ಮುರಿಯುತ್ತದೆ. ಇದೆಲ್ಲದರ ಜೊತೆಗೆ ಟ್ಯಾಂಕಿನ ಗಸಿ ಪೂರ್ತಿ ಕಾರ್ಬುರೇಟರಿಗೆ ಬಂದು ಕೂರುತ್ತದೆ. ಕೈಗೆ ಸಿಗುವ ಬಿಗಿತ ಮೋಟಾರಿಗೆ ತಿಳಿಯುವುದಿಲ್ಲ, ಅಷ್ಟೇ.

ಹಾಗಾಗಿ ಮೊದಲು ನಾಲ್ಕೂ ಪ್ಲಗ್ ಬಿಚ್ಚಿದೆ. ಪ್ರತಿ ಸಿಲಿಂಡರಿಗೂ ತುಕ್ಕು ಬಿಡಿಸುವ ತೆಳು ಎಣ್ಣೆ ಸುರಿದು ಬಿಟ್ಟೆ. ಒಂದು ರಾತ್ರಿಯಲ್ಲಿ ಆಗುವ ಕೆಲಸ ಅಲ್ಲ ಇದು, ಆಗಾಗ ಇನ್ನಷ್ಟು ಬಿಡುತ್ತಾ ಕಾಯಬೇಕು. ಆ ಹೊತ್ತಿಗೆ ರಾಕರ್‌ಗಳ (ವಾಲ್ವ್ ಒತ್ತುವ ಸಣ್ಣ ತೋಳುಗಳ) ಮೇಲಿನ ಕವರ್ ತೆಗೆದು ವಾಲ್ವ್ ಸ್ಪ್ರಿಂಗುಗಳಿಗೂ ಎಣ್ಣೆ ಬಿಟ್ಟೆ, ಹಳೇ ಇಂಜಿನ್ ಆಯಿಲ್ ಇಳಿಸಿದೆ. ಬಂದದ್ದು ಕರಿ ಕೊಳೆ. ನೀರು ಇರಲಿಲ್ಲ ಎನ್ನುವುದೇ ಸಮಾಧಾನ. ಆಯಿಲಿನ ಮುಂಚೆ ನೀರು ಹೊರಬಂದಿದ್ದರೆ ಹೆಡ್ ಗ್ಯಾಸ್ಕೆಟ್ಟೋ, ಬ್ಲಾಕು ಬಿರುಕು ಬಿಟ್ಟಿದೆಯೋ ಅಂತ ಯೋಚಿಸಬೇಕಾಗುತ್ತಿತ್ತು.

ಮೈನರ್‌ನ ಒಂದು ಸುಖ ಅಂದರೆ ಮುಂದೆ ಹ್ಯಾಂಡಲ್ ಹಾಕುವ ತೂತಿದೆ. ಹ್ಯಾಂಡಲ್ ಹಾಕಿ ಮೆಲ್ಲಗೆ ಅದುಮಿದೆ. ಮಿಸುಕಲಿಲ್ಲ. ಅಲ್ಲಿಗೆ ಬಲ ಹಾಕುವುದು ನಿಲ್ಲಿಸಿ, ಕಾರನ್ನು ಟಾಪ್ ಗೇರಿಗೆ ಹಾಕಿ ಹಿಂದೆ ಮುಂದೆ ಅಲ್ಲಾಡಿಸಿದೆವು. "ಅಣ್ಣಾ, ಜೋರಾಗಿ ತಳ್ಳಲಾ?" ಅಂದ ತಮ್ಮ. "ಬೇಡ ಕಣೋ, ತೊಟ್ಟಿಲು ತೂಗಿದ ಹಾಗೆ ತೂಗು" ಅಂದೆ. ಒಮ್ಮೆಗೇ ಬಿಡಲಿಲ್ಲ. ಎಣ್ಣೆ, ತೂಗಾಟ, ಮತ್ತೆ ಎಣ್ಣೆ. ಕೊನೆಗೆ ಒಳಗೆಲ್ಲೋ ಟಕ್ ಅಂತ ಒಂದು ಸದ್ದು, ಹ್ಯಾಂಡಲ್ ಕಾಲು ಸುತ್ತು ತಿರುಗಿತು. ತಿರುಗಿದ ಮೇಲೂ ಆತುರ ಮಾಡದೆ, ತಿರುಗಿದಷ್ಟು ಹಿಂದಕ್ಕೆ ತಂದು ಮತ್ತೆ ಎಣ್ಣೆ ಬಿಟ್ಟು ಮುಂದುವರಿಸಿದೆವು. ಪೂರ್ತಿ ಸುತ್ತು ಬಂದಾಗ ಎಂಟೂ ವಾಲ್ವುಗಳು ಏಳುವುದನ್ನು, ಇಳಿಯುವುದನ್ನು ಕಣ್ಣಾರೆ ನೋಡಿಕೊಂಡೆ. ವಾಲ್ವ್ ಮತ್ತು ರಾಕರ್ ನಡುವಿನ ಸಂದು ತಣ್ಣಗಿದ್ದಾಗ 0.012 ಇಂಚು, ಅಂದರೆ 0.30 ಮಿ.ಮೀ. ಇರಬೇಕು. ಅದನ್ನೂ ಆಗಲೇ ಸರಿ ಮಾಡಿದೆ.

ಇಲ್ಲಿಗೆ ಇಂಜಿನ್ ಬಿಟ್ಟು ಹಿಂದಕ್ಕೆ ಹೋದೆ, ಟ್ಯಾಂಕಿನ ಹತ್ತಿರ. ನಿಂತ ಕಾರಿನ ಕಾಯಿಲೆಯಲ್ಲಿ ಮುಕ್ಕಾಲು ಪಾಲು ಇರುವುದು ಅಲ್ಲೇ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಎಲ್ಲರೂ ಕಾರ್ಬುರೇಟರ್‌ನಿಂದ ಶುರು ಮಾಡುತ್ತಾರೆ. ಅದು ಹೊಳೆಯುವ ಹಾಗೆ ತೊಳೆಯುತ್ತಾರೆ, ಆಮೇಲೆ ಟ್ಯಾಂಕಿನ ತುಕ್ಕು ಬಂದು ಮತ್ತೆ ಕಟ್ಟುತ್ತದೆ. ಪೆಟ್ರೋಲ್ ಹರಿಯುವ ದಾರಿಯಲ್ಲೇ ನಾವೂ ಹೋಗಬೇಕು. ಟ್ಯಾಂಕು, ಪೈಪು, ಪಂಪು, ಆಮೇಲೆ ಕಾರ್ಬುರೇಟರ್.

ಹಳೇ ಪೆಟ್ರೋಲ್ ಪೆಟ್ರೋಲಿನ ವಾಸನೆ ಹೊಡೆಯಲ್ಲ. ವಾರ್ನಿಷ್ ವಾಸನೆ ಬರುತ್ತದೆ. ಹಗುರವಾದ ಅಂಶವೆಲ್ಲ ಆವಿಯಾಗಿ ಹೋಗಿ, ಉಳಿದದ್ದು ಗಾಳಿಯ ಜೊತೆ ಸೇರಿ ಕಂದು ಅಂಟಾಗಿರುತ್ತದೆ. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಬೇರೆ ಇರುತ್ತದೆ. ಅದು ಗಾಳಿಯಲ್ಲಿರುವ ತೇವ ಎಳೆದುಕೊಳ್ಳುತ್ತದೆ. ನೀರು ಜಾಸ್ತಿಯಾದಾಗ ನೀರೂ ಎಥೆನಾಲೂ ಒಟ್ಟಿಗೆ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಟ್ಯಾಂಕಿನ ತಳ ತುಕ್ಕು ಹಿಡಿಯುವುದು ಹೀಗೆ. ಕಾರು ನಿಲ್ಲಿಸುವುದಾದರೆ ಪೆಟ್ರೋಲ್ ಪೂರ್ತಿ ತೆಗೆದು ನಿಲ್ಲಿಸಿ ಅಂತ ನಾನು ಸಿಕ್ಕವರಿಗೆಲ್ಲ ಹೇಳುತ್ತಿರುತ್ತೇನೆ. ಯಾರೂ ಕೇಳುವುದಿಲ್ಲ, ಆ ಮಾತು ಬೇರೆ.

ನಮ್ಮ ಟ್ಯಾಂಕಿಗೆ ಇನ್ನೊಂದು ಗ್ರಹಚಾರ. ಹಿಂದೆ ಯಾರೋ ಒಳಗೆ ತೂತು ಮುಚ್ಚುವ ಲೇಪ ಸುರಿದಿದ್ದರು. ಕೆಳಗಿನ ತುಕ್ಕು ತೆಗೆಯದೆ ಮೇಲೆ ಬಳಿದರೆ ಏನಾಗುತ್ತದೆ? ಅದು ಹಪ್ಪಳದಂತೆ ಎದ್ದು ಚೂರುಚೂರಾಗಿ ಬೀಳುತ್ತಿತ್ತು. ಅಷ್ಟನ್ನೂ ಕೆರೆದು ಅಲ್ಲಾಡಿಸಿ ತೆಗೆಯುವುದರಲ್ಲಿ ನನ್ನ ತಾಳ್ಮೆ ಮುಗಿಯಿತು. ಟ್ಯಾಂಕನ್ನು ಕಳಚಿ ಬಯಲಿಗೆ ತಂದು, ಸಾಬೂನು ನೀರಿನಿಂದ ಪೆಟ್ರೋಲ್ ವಾಸನೆ ಹೋಗುವವರೆಗೂ ತೊಳೆದೆ. ಇದರಲ್ಲಿ ಮಾತ್ರ ಸಲಿಗೆ ಬೇಡ. ಖಾಲಿ ಟ್ಯಾಂಕು ತುಂಬಿದ ಟ್ಯಾಂಕಿಗಿಂತ ಅಪಾಯ, ಯಾಕೆಂದರೆ ಹೊತ್ತಿಕೊಳ್ಳುವುದು ಆವಿ. ಆ ಆವಿ ಗಾಳಿಗಿಂತ ಭಾರ, ನೆಲದ ಮೇಲೇ ಹರಡಿಕೊಂಡು ದೂರದ ಕಿಡಿಯವರೆಗೂ ಹೋಗುತ್ತದೆ. ಪೆಟ್ರೋಲ್ ಟ್ಯಾಂಕಿಗೆ ಮನೆಯಲ್ಲಿ ವೆಲ್ಡಿಂಗ್ ಮಾಡುವ ಯೋಚನೆ ಕನಸಿನಲ್ಲೂ ಬರಬಾರದು.

ತುಕ್ಕಿಗೆ ನಿಂಬೆ ಉಪ್ಪು ಸಾಕು. ಹತ್ತು ಲೀಟರ್ ಬೆಚ್ಚನೆ ನೀರಿಗೆ ಸುಮಾರು ಒಂದು ಕೆ.ಜಿ. ಹಾಕಿ ಟ್ಯಾಂಕು ತುಂಬಿಸಿ ಬಿಟ್ಟರೆ, ತುಕ್ಕು ಕರಗಿ ನೀರು ಹಸಿರು ಹಳದಿಯಾಗುತ್ತದೆ. ಒಂದು ಹಿಡಿ ಹಳೇ ನಟ್ಟುಗಳನ್ನು ಒಳಗೆ ಹಾಕಿ ಕುಲುಕಿದರೆ ಮೂಲೆಯದ್ದೂ ಬಿಡುತ್ತದೆ. ಹಾಕುವಾಗ ಎಣಿಸಿಕೊಂಡಿರಿ, ತೆಗೆಯುವಾಗಲೂ ಎಣಿಸಿ. ಆಮೇಲೆ ಅಡುಗೆ ಸೋಡಾ ಕಲಸಿದ ನೀರಿನಿಂದ ತೊಳೆದು ತಕ್ಷಣ ಒಣಗಿಸಬೇಕು. ತಡ ಮಾಡಿದರೆ ಬರೀ ಕಬ್ಬಿಣದ ಮೇಲೆ ಕಣ್ಣೆದುರೇ ಹೊಸ ತುಕ್ಕು ಏರುತ್ತದೆ. ಒಣಗಿದ ಮೇಲೆ ಸ್ವಲ್ಪ ಎಣ್ಣೆ ಸುರಿದು ಎಲ್ಲಾ ಕಡೆ ಹರಿಸಿದೆ. ಹೊಸ ಲೇಪ ಹಾಕಲಿಲ್ಲ. ತೂತಿಲ್ಲದ ಟ್ಯಾಂಕಿಗೆ ಅದು ಬೇಕಿಲ್ಲ.

ರಬ್ಬರ್ ಹೋಸುಗಳನ್ನು ಕೈಯಲ್ಲಿ ಬಗ್ಗಿಸಿದರೆ ಪಟಪಟ ಬಿರಿದವು. ಎಲ್ಲವನ್ನೂ ಎಥೆನಾಲ್ ತಡೆಯುವ ಹೋಸಿಗೆ ಬದಲಾಯಿಸಿದೆ. ಹೋಸಿನ ಮೇಲೆ ಎಸ್‌ಎಇ ಜೆ30 ಆರ್9 ಅಂತ ಗುಣಮಟ್ಟದ ಗುರುತು ಅಚ್ಚಾಗಿದ್ದರೆ ಧೈರ್ಯವಾಗಿ ಹಾಕಬಹುದು. ಕಬ್ಬಿಣದ ಪೈಪಿನೊಳಗೆ ಗಾಳಿ ಊದಿ, ಆ ಕಡೆಯಿಂದ ಏನು ಬರುತ್ತದೆ ಅಂತ ಬಿಳಿ ಬಟ್ಟೆ ಹಿಡಿದು ನೋಡಿದೆ. ಕೆಂಪು ಪುಡಿ ಬರುವುದು ನಿಲ್ಲುವವರೆಗೂ ಊದಿದೆ.

ಮೈನರ್‌ನ ಪಂಪು ನನಗೆ ಬಲು ಇಷ್ಟ. ಎಸ್‌ಯು ಕಂಪನಿಯ ಎಲೆಕ್ಟ್ರಿಕ್ ಪಂಪು, ಬಾನೆಟ್ ಒಳಗೆ, ಇಂಜಿನ್ ಹಿಂದಿನ ತಗಡಿನ ಗೋಡೆಗೆ ಕೂತಿರುತ್ತದೆ. ಇಗ್ನಿಷನ್ ಹಾಕಿದರೆ ಟಕ್ ಟಕ್ ಅನ್ನುತ್ತದೆ. ಒಳಗಿನ ವಿದ್ಯುತ್ ಸುರುಳಿ ಡಯಾಫ್ರಾಮ್ ಎಂಬ ಬಾಗುವ ಪೊರೆಯನ್ನು ಎಳೆಯುತ್ತದೆ, ಕರೆಂಟು ಕೂಡುವ ಪಾಯಿಂಟು ಬಿಡುತ್ತದೆ, ಸ್ಪ್ರಿಂಗು ಅದನ್ನು ವಾಪಸ್ ತಳ್ಳುತ್ತದೆ, ಮತ್ತೆ ಪಾಯಿಂಟು ಕೂಡುತ್ತದೆ. ಈ ಸದ್ದು ಕೇಳಿಯೇ ರೋಗ ಹೇಳಬಹುದು. ಕಾರ್ಬುರೇಟರ್ ತುಂಬಿದ ಮೇಲೆ ಸದ್ದು ನಿಲ್ಲಬೇಕು. ನಿಲ್ಲದೆ ಪಟಪಟ ಓಡುತ್ತಿದ್ದರೆ, ಪೆಟ್ರೋಲ್ ಬದಲು ಗಾಳಿ ಎಳೆಯುತ್ತಿದೆ ಅಂತ. ಟ್ಯಾಂಕು ಹಿಂದೆ, ಪಂಪು ಮುಂದೆ, ನಡುವಿನ ಅಷ್ಟುದ್ದ ಪೈಪಿನಲ್ಲಿ ಎಲ್ಲೋ ಜಾಯಿಂಟು ಸಡಿಲ. ಇಂಜಿನ್ ಆಫ್ ಆಗಿದ್ದು ಇಗ್ನಿಷನ್ ಮಾತ್ರ ಆನ್ ಇರುವಾಗ ಸ್ವಲ್ಪ ಹೊತ್ತಿಗೊಮ್ಮೆ ಟಕ್ ಅಂದರೆ, ಕಾರ್ಬುರೇಟರ್ ತುಂಬಿದಾಗ ಪೆಟ್ರೋಲ್ ತಡೆಯುವ ಫ್ಲೋಟ್ ಸೂಜಿ ಸರಿಯಾಗಿ ಮುಚ್ಚುತ್ತಿಲ್ಲ ಅಥವಾ ಎಲ್ಲೋ ಸೋರುತ್ತಿದೆ. ಸದ್ದೇ ಇಲ್ಲದಿದ್ದರೆ ಪಾಯಿಂಟು ಕಿಲುಬು ಹಿಡಿದಿದೆ. ಹಿಂದಿನವರು ಇದಕ್ಕೆ ಪಾನಾದಿಂದ ಮೆಲ್ಲಗೆ ತಟ್ಟುತ್ತಿದ್ದರು. ದೊಡ್ಡಪ್ಪನೂ ತಟ್ಟುತ್ತಿದ್ದರು ಎನ್ನುವುದಕ್ಕೆ ಪಂಪಿನ ಮೈಮೇಲಿನ ಗುರುತುಗಳೇ ಸಾಕ್ಷಿ. ನಾನು ಪಾಯಿಂಟು ಒರೆಸಿ, ಡಯಾಫ್ರಾಮ್ ಮತ್ತು ಗ್ಯಾಸ್ಕೆಟ್ ಹೊಸದು ಹಾಕಿದೆ. ಈ ಕಾಲದ ಜಾಸ್ತಿ ಒತ್ತಡದ ಪಂಪು ಹಾಕುವ ಆಸೆ ಬೇಡ. ಅದು ಫ್ಲೋಟ್ ಸೂಜಿಯನ್ನೇ ತಳ್ಳಿಕೊಂಡು ಪೆಟ್ರೋಲ್ ಉಕ್ಕಿಸುತ್ತದೆ.

ಕಾರ್ಬುರೇಟರ್ ಕೂಡ ಎಸ್‌ಯು, ಎಚ್‌ಎಸ್2 ಮಾದರಿ. ಇದರಲ್ಲಿ ಸಾಲುಸಾಲು ಜೆಟ್ (ಪೆಟ್ರೋಲ್ ಬರುವ ಸಣ್ಣ ತೂತು) ಇಲ್ಲ. ಒಂದೇ ಜೆಟ್, ಅದರೊಳಗೆ ತುದಿಗೆ ಸಣ್ಣಗಾಗುತ್ತಾ ಹೋಗುವ ಒಂದು ಸೂಜಿ. ಸೂಜಿ ಒಂದು ಪಿಸ್ಟನ್‌ಗೆ ಜೋಡಿಸಿದೆ. ಇಂಜಿನ್ ಜಾಸ್ತಿ ಗಾಳಿ ಎಳೆದಷ್ಟೂ ಪಿಸ್ಟನ್ ಮೇಲೇಳುತ್ತದೆ, ಸೂಜಿಯೂ ಏಳುತ್ತದೆ, ಪೆಟ್ರೋಲ್ ಜಾಸ್ತಿ ಬರುತ್ತದೆ. ಎಷ್ಟು ಸರಳ ಅಲ್ವಾ? ಮೇಲಿನ ಸಣ್ಣ ಕೊಳವೆಯಲ್ಲಿ ಆಯಿಲ್ ಇರುತ್ತದೆ. ಆಕ್ಸಿಲರೇಟರ್ ಥಟ್ಟನೆ ಒತ್ತಿದಾಗ ಪಿಸ್ಟನ್ ಒಮ್ಮೆಲೇ ಹಾರದಂತೆ ಅದು ತಡೆಯುತ್ತದೆ. ಅಷ್ಟು ಹೊತ್ತು ಮಿಶ್ರಣದಲ್ಲಿ ಪೆಟ್ರೋಲ್ ಸ್ವಲ್ಪ ಜಾಸ್ತಿಯಾಗಿ ಪಿಕಪ್ ಸಿಗುತ್ತದೆ. ಪಿಕಪ್ ಇಲ್ಲ ಅಂತ ಗೊಣಗುವ ಮೊದಲು ಆ ಆಯಿಲ್ ಇದೆಯಾ ನೋಡಿ.

ನಮ್ಮದರಲ್ಲಿ ಪಿಸ್ಟನ್ ಅಂಟಿಕೊಂಡಿತ್ತು. ಇಲ್ಲಿ ಎಮರಿ ಪೇಪರ್ ಮುಟ್ಟಿಸಬಾರದು. ಪಿಸ್ಟನ್ನೂ ಅದರ ಮೇಲಿನ ಟೋಪಿಯೂ ಜೋಡಿಯಾಗಿ ಅಳತೆಗೆ ಮಾಡಿದವು, ಉಜ್ಜಿದರೆ ಸಂದು ಹಾಳು. ಕಾರ್ಬುರೇಟರ್ ತೊಳೆಯುವ ದ್ರವ, ಮೆತ್ತನೆ ಬಟ್ಟೆ, ಅಷ್ಟೇ. ಜೋಡಿಸಿದ ಮೇಲೆ ಪಿಸ್ಟನ್ ಎತ್ತಿ ಬಿಟ್ಟರೆ ಕೆಳಗೆ ಟಕ್ ಅಂತ ಲೋಹದ ಸದ್ದಿನೊಂದಿಗೆ ಬೀಳಬೇಕು. ಬೀಳದಿದ್ದರೆ ಸೂಜಿ ಜೆಟ್ಟಿಗೆ ತಾಗುತ್ತಿದೆ. ಜೆಟ್ಟಿನ ದೊಡ್ಡ ನಟ್ಟು ಸಡಿಲಿಸಿ, ನಡುವಿಗೆ ತಂದು ಮತ್ತೆ ಬಿಗಿ ಮಾಡಬೇಕು. ಸಡಿಲಿಸು, ಬಿಗಿ ಮಾಡು, ಎತ್ತಿ ಬಿಡು. ತಮ್ಮನಿಗೆ ಈ ಕೆಲಸ ಹಿಡಿಸಿತು, ಅವನಿಗೇ ಬಿಟ್ಟುಕೊಟ್ಟೆ. ಬ್ಯಾಟರಿಯ ಬೇಜಾರು ಅಲ್ಲಿಗೆ ಮರೆತ.

ಮಿಕ್ಕದ್ದು ಬೇಗ ಹೇಳುತ್ತೇನೆ. ಡಿಸ್ಟ್ರಿಬ್ಯೂಟರ್ ಪಾಯಿಂಟ್ ಸಂದು 0.015 ಇಂಚು, ಪ್ಲಗ್ಗಿನದ್ದು 0.025 ಇಂಚು, ಸಿಲಿಂಡರುಗಳು ಹೊತ್ತಿಕೊಳ್ಳುವ ಫೈರಿಂಗ್ ಸರದಿ 1, 3, 4, 2. ಹಳೇ ಕಾರಿಗೆಂದೇ ಬರುವ 20ಡಬ್ಲ್ಯು-50 ಆಯಿಲ್ ಹಾಕಿದೆ. ಪುಶ್‌ರಾಡ್‌ಗಳನ್ನು ಎತ್ತುವ ಟ್ಯಾಪೆಟ್‌ಗಳು ಇದರಲ್ಲಿ ಚಪ್ಪಟೆ ತಳದವು, ತಿರುಗುವ ಕ್ಯಾಮ್ ಮೇಲೆ ಉಜ್ಜಿಕೊಂಡೇ ಓಡುತ್ತವೆ. ಆಯಿಲಿನಲ್ಲಿ ಸತುವಿನ ಅಂಶ ಸಾಕಷ್ಟು ಇರಬೇಕು.

ಆಗ ಬ್ಯಾಟರಿ ತಂದೆವು. ಈ ಕಾರು ಪಾಸಿಟಿವ್ ಅರ್ಥ್, ಅಂದರೆ ಪ್ಲಸ್ ತಂತಿ ಬಾಡಿಗೆ ಹೋಗುತ್ತದೆ. ಈಗಿನ ಕಾರಿನ ಅಭ್ಯಾಸದಲ್ಲಿ ಉಲ್ಟಾ ಕೊಡುವವರೇ ಜಾಸ್ತಿ. ಪ್ಲಗ್ ಹಾಕದೆ, ಪೆಟ್ರೋಲ್ ಕೊಡದೆ, ಡ್ಯಾಶ್‌ಬೋರ್ಡಿನ ಸ್ಟಾರ್ಟರ್ ಗುಬಟು ಎಳೆದು ಇಂಜಿನ್ ಸುಮ್ನೆ ತಿರುಗಿಸಿದೆವು. ಆಯಿಲ್ ಲೈಟ್ ಆರಿತು. ರಾಕರ್ ಮೇಲೆ ಆಯಿಲ್ ಒಸರುವುದು ಕಾಣಿಸಿತು. ಆಮೇಲೆ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ನೋಡಿದೆ. ಮೂರನೆಯ ಸಿಲಿಂಡರಿನದು ಕಡಿಮೆ. ಒಂದು ಚಮಚ ಆಯಿಲ್ ಬಿಟ್ಟು ನೋಡಿದಾಗ ಏರಿತು. ಹಾಗಾದರೆ ವಾಲ್ವ್ ಸರಿ ಇದೆ, ರಿಂಗು ಇನ್ನೂ ಪೂರ್ತಿ ಬಿಟ್ಟಿಲ್ಲ. ಓಡುತ್ತಾ ಬಿಡಬಹುದು ಅಂತ ಹೆಡ್ ತೆಗೆಯಲಿಲ್ಲ.

ಸ್ಟಾರ್ಟ್ ಆಯಿತು. ಮೊದಲು ಮೂರೇ ಸಿಲಿಂಡರಿನಲ್ಲಿ, ಮಿಸ್ಸಿಂಗ್ ಹೊಡೆಯುತ್ತಾ, ಸೈಲೆನ್ಸರಿನಿಂದ ಷೆಡ್ ತುಂಬಾ ಬಿಳಿ ಹೊಗೆ ಬಿಡುತ್ತಾ. ಸಿಲಿಂಡರಿಗೆ ಸುರಿದ ಎಣ್ಣೆಯೆಲ್ಲ ಸುಡಬೇಕಲ್ಲ. ಬಿಸಿಯಾದ ಮೇಲೆ ಉಳಿದ ಒಂದೂ ಸೇರಿಕೊಂಡಿತು. ಮಿಶ್ರಣ ನೋಡಲು ಕಾರ್ಬುರೇಟರಿನ ಪಿಸ್ಟನ್ನನ್ನು ಒಂದು ಮಿಲಿಮೀಟರ್‌ಗಿಂತ ಕಡಿಮೆ ಎತ್ತಬೇಕು. ಇಂಜಿನ್ ವೇಗ ಏರಿ ಹಾಗೇ ನಿಂತರೆ ಪೆಟ್ರೋಲ್ ಜಾಸ್ತಿ. ಕುಸಿದರೆ ಕಡಿಮೆ. ಸ್ವಲ್ಪ ಏರಿ ಮತ್ತೆ ಮೊದಲಿನಂತಾದರೆ ಸರಿ. ನಮ್ಮದು ಕುಸಿಯಿತು. ಜೆಟ್ ನಟ್ಟನ್ನು ಒಂದೊಂದೇ ಮಗ್ಗುಲು ತಿರುಗಿಸಿ ಕೆಳಗಿಳಿಸುತ್ತಾ ಹೋದ ಮೇಲೆ ಐಡ್ಲಿಂಗ್ ಕೂತಿತು.

ಗೇರ್‌ಬಾಕ್ಸ್ ಸೇರುವ ಜಾಗದಿಂದ ಆಯಿಲ್ ತೊಟ್ಟಿಕ್ಕುತ್ತದೆ. ಈ ಇಂಜಿನ್‌ನ ಕ್ರ್ಯಾಂಕ್ ಹಿಂಭಾಗದಲ್ಲಿ ರಬ್ಬರ್ ಸೀಲೇ ಇಲ್ಲ, ಆಯಿಲನ್ನು ಒಳಕ್ಕೆ ತಳ್ಳುವ ಸುರುಳಿ ಗೀರು ಮಾತ್ರ ಇದೆ. ಹಾಗಾಗಿ ಕೆಳಗೊಂದು ತಟ್ಟೆ ಇಟ್ಟು ಸುಮ್ಮನಾಗಿದ್ದೇನೆ. ಸೀಸವಿದ್ದ ಪೆಟ್ರೋಲಿಗೆ ಮಾಡಿದ ಹೆಡ್ಡು ಇದು. ಎಕ್ಸಾಸ್ಟ್ ವಾಲ್ವಿನ ಸೀಟು ಮೆಲ್ಲಗೆ ಸವೆಯುತ್ತದೆ, ಸಂದು ಕಡಿಮೆಯಾಗುತ್ತಾ ಬರುತ್ತಿದೆಯಾ ಅಂತ ಆಗಾಗ ಅಳೆಯುತ್ತಿರಬೇಕು. ಸವೆದಾಗ ಗಟ್ಟಿ ಸೀಟು ಹಾಕಿಸಿದರಾಯಿತು.

"ಒಂದು ರೌಂಡ್ ಹೋಗೋಣ್ವಾ?" ಅಂದ ತಮ್ಮ. ಬ್ರೇಕ್ ಪೆಡಲ್ ತುಳಿದು ನೋಡು ಅಂದೆ. ಅದು ನೇರ ನೆಲಕ್ಕೇ ಹೋಯಿತು. ಮೈನರ್‌ನ ಬ್ರೇಕ್ ಮಾಸ್ಟರ್ ಸಿಲಿಂಡರ್ ಡ್ರೈವರ್ ಕಾಲ ಕೆಳಗೆ, ಚಾಸಿಯ ಒಳಗೆ ಅಡಗಿದೆ. ಅದರ ಬೋಲ್ಟು ಹೊರಗೆಳೆಯಲು ಪಕ್ಕದ ಟಾರ್ಷನ್ ಬಾರ್ (ಮುಂದಿನ ಚಕ್ರಕ್ಕೆ ಸ್ಪ್ರಿಂಗಿನಂತೆ ಇರುವ ಸರಳು) ಅಡ್ಡ ಬರುತ್ತದೆ. ಮುಂದಿನ ಕೆಲಸ ಅದು.