ಸುಮ್ನೆ ಬಿದ್ದಿರುವ ಜಾಗ

30 ಡಿಸೆಂಬರ್ 2024, ಸೋಮವಾರ, ಅಮಾಸೆ
ಕುಮಟಾ

ಸೋಪು ಎರಡು ಸಲ ಹಚ್ಚಿದರೂ ಬೆರಳಿಂದ ಶೆಟ್ಲಿ (ಸಿಗಡಿ) ವಾಸನೆ ಹೋಗಿಲ್ಲ. ರಾತ್ರಿ ನಿದ್ದೆಯೂ ಇಲ್ಲ. ಆದರೂ ಇವತ್ತಿನದ್ದು ಇವತ್ತೇ ಬರೆದುಬಿಡುತ್ತೇನೆ.

"ಅಮಾಸೆ ನೀರು ಚೆನ್ನಾಗಿರ್ತದೆ, ಜಂತ್ರಡಿ ಹತ್ರ ಬಾ" ಅಂತ ಮಾವ ಮೊದಲೇ ಹೇಳಿದ್ದರು. ಘಟ್ಟದ ಮೇಲಿನ ಗೆಳೆಯರಿಗಾಗಿ ಹೇಳುತ್ತೇನೆ: ಅಘನಾಶಿನಿ ಹೊಳೆ ಸಮುದ್ರ ಸೇರುವ ಕಡೆ, ಕಟ್ಟೆ ಹಾಕಿ ಉಪ್ಪುನೀರು ತಡೆದ ತಗ್ಗು ಗದ್ದೆಗೆ ಗಜನಿ ಅನ್ನುತ್ತೇವೆ. ಕಟ್ಟೆಯ ನಡುವೆ ಹಲಗೆ ಬಾಗಿಲು, ಅದೇ ಜಂತ್ರಡಿ. ಮಳೆಗಾಲದಲ್ಲಿ ಸಿಹಿನೀರು ಉಪ್ಪು ತೊಳೆದ ಮೇಲೆ ಕಗ್ಗ ಭತ್ತ ಬಿತ್ತುತ್ತಾರೆ. ಎತ್ತರಕ್ಕೆ ಬೆಳೆಯುವ, ಉಪ್ಪು ತಡೆಯುವ, ಗೊಬ್ಬರ ಕೇಳದ ಭತ್ತ. ಕೊಯ್ಲಾದ ಮೇಲೆ ಬಾಗಿಲು ತೆರೆದು ಉಬ್ಬರದ ನೀರು ಒಳಗೆ ಬಿಡುತ್ತಾರೆ. ನೀರಿನ ಜೊತೆ ಸಿಗಡಿ ಮರಿ, ಮೀನು ಮರಿ ತಾವಾಗಿಯೇ ಬರುತ್ತವೆ. ಕೊಳೆತ ಕೂಳೆಯೇ ಅವಕ್ಕೆ ಮೇವು. ಅವುಗಳ ಹಿಕ್ಕೆ ಮುಂದಿನ ಭತ್ತಕ್ಕೆ.

ರಾತ್ರಿ ಇಳಿತ ಶುರುವಾದಾಗ ಮಾವ ಹಲಗೆ ಒಂದೊಂದಾಗಿ ಎತ್ತಿದರು. ಬಾಯಿಗೆ ಚೀಲದಂಥ ಬಲೆ ಕಟ್ಟಿ, ಮೇಲೆ ಲಾಟೀನು ತೂಗುಹಾಕಿದರು. ನೀರು ಗುಳುಗುಳು ಅಂತ ಹೊರಗೆ ನುಗ್ಗುತ್ತಿತ್ತು. ಟಾರ್ಚ್ ಬಿಟ್ಟರೆ ಬಲೆ ತುಂಬ ಕೆಂಪು ಕಣ್ಣುಗಳು, ಕೆಂಡದ ಕಿಡಿ ಚೆಲ್ಲಿದ ಹಾಗೆ. ಒಂದು ಏಡಿ ನನ್ನ ಹೆಬ್ಬೆರಳು ಹಿಡಿಯಿತು. ಮಾವ ನಕ್ಕರು, ನಾನು ನಗಲಿಲ್ಲ.

ಮಧ್ಯಾಹ್ನ ಚಹಾ ಅಂಗಡಿಯಲ್ಲಿ ಒಬ್ಬರು ಜೋರಾಗಿ ಮಾತಾಡುತ್ತಿದ್ದರು. ಕಟ್ಟೆಯ ಹೊರಗಿನ ಸರ್ಕಾರಿ ಜಾಗವನ್ನೆಲ್ಲ ಅಳೆದು, ಸಿಗಡಿ ಕೃಷಿಗೆ ಅಂತಲೇ ತೆಗೆದಿಟ್ಟು, ಲೀಸಿಗೆ ಕೊಡಬೇಕಂತೆ. "ಸುಮ್ನೆ ಬಿದ್ದಿದೆ, ಯಾರಿಗೂ ಉಪಯೋಗ ಇಲ್ಲ" ಅಂದರು. ಎರಡು ಸಲ ಅಂದರು.

ಮಾವ ಏನೂ ಹೇಳಲಿಲ್ಲ. ಸಿಗಡಿ ದುಡ್ಡಿನ ರುಚಿ, ಆಮೇಲಿನ ಕಹಿ, ಎರಡೂ ಅವರಿಗೆ ಗೊತ್ತು. ತೊಂಬತ್ತರ ದಶಕದಲ್ಲಿ ಟೈಗರ್ ಸಿಗಡಿಯ ಗೀಳು ಹತ್ತಿದಾಗ ಅವರೂ ಸಾಲ ಮಾಡಿ ಕೊಳ ತೋಡಿಸಿದ್ದರು. ಮೊದಲ ವರ್ಷದ ಲಾಭದಲ್ಲೇ ಮನೆಗೆ ತಾರಸಿ ಬಂತು. ಸುಳ್ಳು ಹೇಳಬಾರದಲ್ಲ. ಆಮೇಲೆ ಬಿಳಿ ಚುಕ್ಕೆ ರೋಗ ಬಂತು. ಚಿಪ್ಪಿನ ಮೇಲೆ ಚುಕ್ಕೆ ಕಂಡ ವಾರದೊಳಗೆ ಕೊಳ ಖಾಲಿ. ಸತ್ತದ್ದನ್ನು ಬುಟ್ಟಿಯಲ್ಲಿ ಹೊತ್ತು ಹೂಳಿದ್ದು ನನಗೂ ನೆನಪಿದೆ, ಆ ನಾತದಿಂದಾಗಿ. 2009ರ ನಂತರ ವನಾಮಿ ಅನ್ನೋ ಹೊರದೇಶದ ಸಿಗಡಿ ಬಂತು, ಹಲವರು ಮತ್ತೆ ಇಳಿದರು. ಮಾವ ಇಳಿಯಲಿಲ್ಲ.

ಚಹಾ ಅಂಗಡಿಯ ಆ ಮನುಷ್ಯರಿಗೆ ನಾನೇ ಒಂದು ಮಾತು ಹೇಳಿದೆ. 1996ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿದೆ. ಕೃಷಿ ಜಮೀನು, ಉಪ್ಪಿನಾಗರ, ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಜೌಗು, ಊರಿನ ಗೋಮಾಳದಂಥ ಸಾರ್ವಜನಿಕ ಜಾಗ, ಇವನ್ನು ಸಿಗಡಿ ಕೊಳ ಮಾಡಕೂಡದು ಅಂತ ಅದರಲ್ಲಿದೆ. ನಮ್ಮ ಗಜನಿಯಂಥ ಹಳೇ ಪದ್ಧತಿಗೆ ಅಡ್ಡಿ ಇರಲಿಲ್ಲ. "ಆಮೇಲೆ ಕಾನೂನು ಬದಲಾಗಿದೆ ಮಾರಾಯ್ರೆ" ಅಂದರು. ಅದೂ ನಿಜ. 2005ರಲ್ಲಿ ಕರಾವಳಿ ಜಲಕೃಷಿಗೆ ಬೇರೆಯೇ ಕಾಯ್ದೆ, ಪ್ರಾಧಿಕಾರ ಬಂತು. ಉಬ್ಬರದ ಗೆರೆಯಿಂದ 200 ಮೀಟರ್ ಬಿಡಬೇಕು ಅಂತ ಅದರಲ್ಲಿತ್ತು. 2023ರ ತಿದ್ದುಪಡಿ ಮರಿ ಮಾಡಿಸುವ ಹ್ಯಾಚರಿಯಂಥವಕ್ಕೆ ಸಡಿಲ ಮಾಡಿತು. ಆದರೆ ಇದೇ ವರ್ಷ ಜನವರಿ ಕೊನೆಗೆ ಅಘನಾಶಿನಿ ಅಳಿವೆ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಜಾಗಗಳ ಪಟ್ಟಿಗೆ, ಸೇರಿದ್ದು ಅವರ ಕಿವಿಗೆ ಬಿದ್ದಿಲ್ಲ ಅನ್ನಿಸಿತು.

ನನಗೆ ಸಿಗಡಿ ಕೃಷಿಯ ಮೇಲೆ ಸಿಟ್ಟಿಲ್ಲ. ಸ್ವಂತ ಜಾಗದಲ್ಲಿ, ನೀರು ಶುದ್ಧ ಮಾಡಿ ಬಿಡುವವರು ಮಾಡಲಿ. ನನ್ನ ತಕರಾರು ಆ "ಸುಮ್ನೆ" ಅನ್ನೋ ಶಬ್ದದ ಮೇಲೆ. ಎಪ್ಪತ್ತರ ದಶಕದಲ್ಲಿ ಸರ್ಕಾರ ಗಟ್ಟಿ ಕಲ್ಲುಕಟ್ಟೆ ಕಟ್ಟಿಸಿದ ಮೇಲೆ ಭತ್ತಕ್ಕಿಂತ ಮೀನಿನ ಹರಾಜೇ ಜಾಸ್ತಿಯಾಯ್ತು, ಕಗ್ಗ ಬಿಟ್ಟವರೇ ಹೆಚ್ಚು. ಈಗ ಮಾಣಿಕಟ್ಟಾ ಊರಿನ ಕಡೆ ಹೋದರೆ ಒಂದಿಷ್ಟು ಕಗ್ಗ ಕಾಣುತ್ತದೆ. ಗದ್ದೆ ಹೇಗೆ ಪಾಳಾಗುತ್ತದೆ ಅಂತ ನೋಡಿಯಾಗಿದೆ, ಅಲ್ವಾ?

ಸಂಜೆ ಇಳಿತಕ್ಕೆ ದಂಡೆ ಕಡೆ ಹೋದೆ. ಅದೇ ಸರ್ಕಾರಿ ಜಾಗ. ಇಪ್ಪತ್ತಕ್ಕೂ ಮೇಲೆ ಹೆಂಗಸರು, ಸೀರೆ ಎತ್ತಿಕಟ್ಟಿ, ಮೊಣಕಾಲು ಕೆಸರಲ್ಲಿ. ಕಾಲಿನಲ್ಲೇ ತಡಕಿ, ಬಗ್ಗಿ ಬಳಚು (ಕೆಸರಿನ ಚಿಪ್ಪುಮೀನು) ಎತ್ತಿ, ತೇಲುವ ಬುಟ್ಟಿಗೆ ಹಾಕುತ್ತಿದ್ದರು. ಬುಟ್ಟಿಗೆ ಕಟ್ಟಿದ ಹಗ್ಗ ಸೊಂಟಕ್ಕೆ. ಒಬ್ಬರಿಗೂ ಪಹಣಿ ಇಲ್ಲ. ಒಂದು ಮುದುಕಿ ಕಾಲು ತೋರಿಸಿದರು, ಕಲ್ವದ (ಕಲ್ಲಿಗೆ ಅಂಟುವ ಚಿಪ್ಪುಮೀನಿನ) ಚಿಪ್ಪು ಕೊಯ್ದ ಗಾಯ, ಅರಿಶಿನ ಮೆತ್ತಿತ್ತು. "ಇಲ್ಲಿ ಕೊಳ ಆದ್ರೆ ಎಲ್ಲಿಗೆ ಹೋಗ್ತೀರಿ?" ಅಂದೆ. ಅವರು ನನ್ನನ್ನೇ ನೋಡಿ, "ನೀ ಯಾರ ಮನೆಯವ?" ಅಂದರು. ಅಳತೆಗೆ ಬಂದವನು ಅಂದುಕೊಂಡಿರಬೇಕು.

ಮಾವನ ಹೆಸರು ಹೇಳಿದ ಮೇಲೆ ಮುಖ ಸಡಿಲವಾಯಿತು. ಒಂದು ಪಾಲು ಬಳಚು ಕೊಂಡೆ, ಮೇಲೆ ಒಂದು ಮುಷ್ಟಿ ಹೆಚ್ಚಿಗೆ ಹಾಕಿದರು. ಮರಳು ಬಿಡಲಿ ಅಂತ ಅಮ್ಮ ನೀರಲ್ಲಿ ಹಾಕಿಟ್ಟಿದ್ದಾರೆ. ಒಳಗೆ ಬಾಯಿ ತೆರೆದು ಮುಚ್ಚುವ ಚಿಟಿಚಿಟಿ ಸದ್ದು ಇಲ್ಲಿವರೆಗೂ ಕೇಳುತ್ತಿದೆ.